ಆಷಾಢಕ್ಕೆ ಕೆಡುವ ಉಪ್ಪಿನಕಾಯಿ, ಮೆತ್ತಗಾಗುವ ಚವಳಿಕಾಯಿ: ಉಳಿದ ನೀರಿನ ಲೆಕ್ಕ

ಕಲಬುರಗಿಯ ಓದುಗರೊಬ್ಬರ ಪ್ರಶ್ನೆ:

“ನಮಸ್ಕಾರ್ರಿ. ನಮ್ಮದು ಸೇಡಂ ರೋಡ್ ಕಡಿ ಮನಿ. ಬ್ಯಾಸಗ್ಯಾಗ ಎರಡು ಕಿಲೋ ಮಾವಿನಕಾಯಿ ಉಪ್ಪಿನಕಾಯಿ ಹಾಕಿದ್ದೆ. ಮನಿಯವರಿಗೆ ಬಿಪಿ ಅದ ಅಂತ ಉಪ್ಪು ಕಮ್ಮಿ, ಒಂದೇ ಬಟ್ಟಲ ಹಾಕೀನಿ. ಆಷಾಢ ಬರೋದ್ರಾಗ ಮ್ಯಾಲೆ ಬೆಳ್ಳಗ ಬೂಷ್ಟು ಬಂತು. ಹೋದ ವರ್ಷನೂ ಹಿಂಗೇ ಆಗಿತ್ತು. ‘ಹೊರಗ ಕುಂತಾಗ ಭರಣಿ ಮುಟ್ಟೀದಿ’ ಅಂತಾರ ನಮ್ಮತ್ತಿ. ಒಣಗಿಸಿಟ್ಟ ಚವಳಿಕಾಯಿ ಮೆತ್ತಗಾಗಿ ವಾಸನಿ ಹೊಡಿಲಾಕತ್ತದ. ಊರಿಂದ ಬಂದ ಅರ್ಧ ಚೀಲ ತೊಗರಿಗೆ ಹುಳ ಬಿದ್ದಾವ. ಅಂಗಡಿಯವರು ‘ಗುಳಿಗಿ ಹಾಕ್ರಿ’ ಅಂದ್ರು. ಹಿತ್ತಲ ಹತ್ತಡಿ ಹದಿನೈದಡಿ, ಪೂರಾ ಎರಿ ಮಣ್ಣು. ಅಲ್ಲಿ ಟಮಾಟಿ ಗಿಡ ಏಪ್ರಿಲ್‌ದಾಗ ಹೂವೆಲ್ಲ ಉದುರಿಸ್ತದ, ಎಷ್ಟು ನೀರು ಹಾಕಿದ್ರೂ ಕಾಯಿ ಕಟ್ಟಂಗಿಲ್ಲ. ಈ ಸಲ ಬಳ್ಳೊಳ್ಳಿ ಸುಲಿದು ಎಣ್ಣಿಯೊಳಗ ಹಾಕಿ ಇಡಬೇಕಂತ ಮಾಡೀನಿ. ನನ್ನದು ಎಲ್ಲಿ ತಪ್ಪಲಾಕತ್ತದ ಹೇಳ್ರಿ.”

ಉತ್ತರ:

ನೀವು ಬರೆದಿರುವುದು ನಾಲ್ಕೈದು ಬೇರೆ ಬೇರೆ ತೊಂದರೆಗಳಂತೆ ಕಾಣುತ್ತವೆ. ಆದರೆ ಎಲ್ಲದರಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಪದಾರ್ಥದಲ್ಲಿ ನೀರು ಎಷ್ಟು ಉಳಿದಿತ್ತು, ಆಮೇಲೆ ಎಲ್ಲಿಂದ ಸೇರಿತು? ನಮ್ಮ ಕಡೆ ಫೆಬ್ರವರಿಯಿಂದ ಮೇ ತನಕ ಗಾಳಿ ಎಷ್ಟು ಒಣಗಿರುತ್ತದೆಂದರೆ, ಅರ್ಧಂಬರ್ಧ ಒಣಗಿದ ಪದಾರ್ಥವೂ ಗರಿಗರಿಯಾಗಿಯೇ ಕಾಣುತ್ತದೆ. ಮಿರಗದ (ಮೃಗಶಿರ) ಮಳೆ ಬಿದ್ದ ಮೇಲೆ ಅದೇ ಗಾಳಿ ಹಸಿಯಾಗುತ್ತದೆ. ಆಗ ಒಳಗೆ ಉಳಿದ ನೀರು ಮತ್ತು ಹೊರಗಿನ ತೇವ ಒಂದಕ್ಕೊಂದು ಸೇರುತ್ತವೆ. ಎರಡು ವರ್ಷವೂ ಸರಿಯಾಗಿ ಆಷಾಢಕ್ಕೇ ಕೆಟ್ಟದ್ದು ಅದಕ್ಕೆ.

ಮೊದಲು ಅತ್ತೆಯವರ ಮಾತು. ಮುಟ್ಟಾದವರು ಮುಟ್ಟಿದರೆ ಉಪ್ಪಿನಕಾಯಿ ಕೆಡುತ್ತದೆ ಎಂಬುದಕ್ಕೆ ಯಾವ ಆಧಾರವೂ ಇಲ್ಲ. ಬೂಷ್ಟಿನ ಬೀಜಕಣಗಳು ಗಾಳಿಯಲ್ಲೇ ತೇಲಾಡುತ್ತಿರುತ್ತವೆ, ಯಾರು ಮುಚ್ಚಳ ತೆಗೆದರೂ ಒಳಗೆ ಬೀಳುತ್ತವೆ. ಬಿದ್ದದ್ದು ಬೆಳೆಯುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಅಲ್ಲಿರುವ ಉಪ್ಪು, ಹುಳಿ, ನೀರು ಮತ್ತು ಗಾಳಿ. ಹಸಿ ಕೈ, ಹಸಿ ಚಮಚ ಇಳಿಸಿದರೆ ಕೆಡುವುದು ಮಾತ್ರ ನಿಜ. ಅದು ಯಾರ ಕೈ ಆದರೂ ಅಷ್ಟೆ. ಅತ್ತೆಯವರಿಗೆ ಹೇಳಲು ಒಂದು ಲೆಕ್ಕ ಕೊಡುತ್ತೇನೆ, ಅದರಿಂದ ನಿಮ್ಮ ಮೇಲಿನ ದೂರು ತಪ್ಪಬಹುದು.

ಮಾವಿನಕಾಯಿಯ ತೂಕದಲ್ಲಿ ಹೆಚ್ಚುಕಡಿಮೆ 85 ಭಾಗ ನೀರೇ. ನಿಮ್ಮ 2 ಕಿಲೋ ಹೋಳಿನಲ್ಲಿ ಸುಮಾರು 1.7 ಕಿಲೋ ನೀರಿತ್ತು. ನೀವು ಹಾಕಿದ ಬಟ್ಟಲನ್ನು 200 ಗ್ರಾಂ ಎಂದು ಹಿಡಿದರೆ, ಭರಣಿಯೊಳಗಿನ ರಸದಲ್ಲಿ ಉಪ್ಪು ಶೇ. 10ರ ಆಸುಪಾಸು. ಅಷ್ಟರಲ್ಲಿ ಕೆಲವು ಬ್ಯಾಕ್ಟೀರಿಯಾ ಸುಮ್ಮನಾಗುತ್ತವೆ, ಆದರೆ ಬೂಷ್ಟೂ ಯೀಸ್ಟೂ ಆರಾಮಾಗಿ ಬೆಳೆಯುತ್ತವೆ. ವರ್ಷ ಉಳಿಯಬೇಕಾದ ಉಪ್ಪಿನಕಾಯಿಗೆ ಪ್ರತಿ ಕಿಲೋ ಹೋಳಿಗೆ 200 ಗ್ರಾಂ ಉಪ್ಪು ಬೇಕು. ಆಗ ರಸದಲ್ಲಿ ಉಪ್ಪು ಶೇ. 19ರ ಹತ್ತಿರ ಬರುತ್ತದೆ, ಮಸಾಲೆ ಎಣ್ಣೆ ಎಲ್ಲ ಸೇರಿದ ಒಟ್ಟು ತೂಕದಲ್ಲಿ ಶೇ. 12ರಷ್ಟು. ಬಟ್ಟಲಿನಿಂದ ಅಳೆಯುವುದನ್ನು ಬಿಟ್ಟು ತಕ್ಕಡಿಯಲ್ಲಿ ತೂಗಿ. ಹರಳುಪ್ಪು, ಪುಡಿ ಉಪ್ಪು ಎರಡಕ್ಕೂ ಬಟ್ಟಲು ಒಂದೇ ತೂಕ ಹಿಡಿಯುವುದಿಲ್ಲ. ಅಯೋಡಿನ್ ಇರುವ ಉಪ್ಪಿನಿಂದ ಉಪ್ಪಿನಕಾಯಿ ಕೆಡುತ್ತದೆ ಎಂಬ ಮಾತನ್ನೂ ಬಿಡಿ. ಬಣ್ಣ ತುಸು ಬದಲಾಗಬಹುದು, ಅಷ್ಟೆ. ಹರಳುಪ್ಪೇ ಬೇಕೆಂದರೆ ಬಾಣಲೆಯಲ್ಲಿ ಚಟಪಟ ನಿಲ್ಲುವ ತನಕ ಹುರಿದು, ಆರಿಸಿ, ಪುಡಿ ಮಾಡಿ ಹಾಕಿ. ಹರಳಿನ ನಡುವೆ ತೇವ ಅಡಗಿರುತ್ತದೆ.

ಹಾಗಾದರೆ ಬಿಪಿ? ಇಲ್ಲಿ ಎರಡು ದಾರಿಗಳಿವೆ, ಎರಡನ್ನೂ ಬೆರೆಸಬೇಡಿ. ಒಂದು, ಪೂರ್ತಿ ಉಪ್ಪಿನ ಉಪ್ಪಿನಕಾಯಿ ಹಾಕಿ, ಮನೆಯವರಿಗೆ ಕಡಿಮೆ ಬಡಿಸುವುದು. 10 ಗ್ರಾಂ ತೂಗುವ ಒಂದು ಹೋಳಿನಲ್ಲಿ ಸುಮಾರು 1.2 ಗ್ರಾಂ ಉಪ್ಪಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಅಂದರೆ ಒಂದು ಹೋಳೇ ದಿನದ ಕಾಲು ಭಾಗ ತಿಂದುಬಿಡುತ್ತದೆ, ಎರಡನೆಯದು ಬೇಡ. ಎರಡನೇ ದಾರಿ, ಅವರಿಗಾಗಿ ಕಾಲು ಕಿಲೋ ಮಾವಿನಕಾಯಿಯಲ್ಲಿ ಕಡಿಮೆ ಉಪ್ಪಿನದನ್ನು ಬೇರೆ ಮಾಡಿ, ಫ್ರಿಜ್‌ನಲ್ಲಿಟ್ಟು ಮೂರು ವಾರದಲ್ಲಿ ಮುಗಿಸುವುದು. ಕಡಿಮೆ ಉಪ್ಪು ಹಾಕಿ ಭರಣಿ ಕಟ್ಟಿ ಅಟ್ಟದ ಮೇಲೆ ಇಡುವುದು ಮಾತ್ರ ಆಗುವ ಮಾತಲ್ಲ. ಕಿಡ್ನಿ ತೊಂದರೆಯೂ ಇದ್ದರೆ ಒಂದು ಹೋಳಿಗೂ ಮೊದಲು ಡಾಕ್ಟರನ್ನು ಕೇಳಿ.

ಈಗಿರುವ ಭರಣಿಯನ್ನು ಏನು ಮಾಡಬೇಕು? ಬೆಳಕಿಗೆ ಹಿಡಿದು ನೋಡಿ. ಬಿಳಿಯದು ಗಟ್ಟಿ ಹರಳಾಗಿದ್ದು ನೀರಿನಲ್ಲಿ ಕರಗಿದರೆ ಅದು ಉಪ್ಪು, ಹೆದರಬೇಕಿಲ್ಲ. (ನಿಮ್ಮಷ್ಟು ಕಡಿಮೆ ಉಪ್ಪು ಹಾಕಿದವರಿಗೆ ಅದು ಬರುವುದು ಕಷ್ಟ.) ಹಾಲಿನ ಕೆನೆಯಂತೆ ಚಪ್ಪಟೆಯಾಗಿ, ಸುಕ್ಕುಸುಕ್ಕಾಗಿದ್ದರೆ ಅದು ಯೀಸ್ಟ್. ಅದು ನೇರ ವಿಷವಲ್ಲ, ಆದರೆ ಹುಳಿಯನ್ನು ತಿಂದು ಬೇರೆ ಸೂಕ್ಷ್ಮಜೀವಿಗಳಿಗೆ ದಾರಿ ಮಾಡುತ್ತದೆ. ಹತ್ತಿಯಂತೆ ರೋಮ ಎದ್ದು, ಬೂದು, ಹಸಿರು, ಕಪ್ಪು ಬಣ್ಣ ಕಂಡರೆ ಬೂಷ್ಟು. ಮೇಲಿನ ಪದರ ತೆಗೆದು, ಎಣ್ಣೆ ಕಾಯಿಸಿ ಹಾಕಿ ತಿನ್ನುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ಅದನ್ನು ದಯವಿಟ್ಟು ಬಿಡಿ. ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದಂತೆ ಕೆಳಗೆ ಇಳಿದಿರುತ್ತವೆ. ಕೆಲವು ಬೂಷ್ಟುಗಳು ಬಿಡುವ ವಿಷ ಕಾದ ಎಣ್ಣೆಗೆ ಹೋಗುವುದಿಲ್ಲ. ಉಪ್ಪು ಇಷ್ಟು ಕಡಿಮೆ ಇರುವ ಭರಣಿಯಾದ್ದರಿಂದ, ಯೀಸ್ಟ್ ಆಗಿದ್ದರೂ ಚೆಲ್ಲಿ ಎನ್ನುತ್ತೇನೆ. ಎರಡು ಕಿಲೋ ಮಾವಿನಕಾಯಿ ಚೆಲ್ಲಲು ಹೊಟ್ಟೆ ಉರಿಯುತ್ತದೆ, ಗೊತ್ತು.

ಮುಂದಿನ ಬೇಸಿಗೆಗೆ ಅಳತೆ ಹೀಗಿರಲಿ: ಬಿಗಿಯಾದ ಹುಳಿ ಕಾಯಿಯ ಹೋಳು 1 ಕಿಲೋ, ಉಪ್ಪು 200 ಗ್ರಾಂ, ಖಾರದ ಪುಡಿ 100 ಗ್ರಾಂ, ಸಾಸಿವೆ ಪುಡಿ 60 ಗ್ರಾಂ, ಹುರಿದ ಮೆಂತ್ಯದ ಪುಡಿ 15 ಗ್ರಾಂ, ಅರಿಶಿನ 10 ಗ್ರಾಂ, ಎಣ್ಣೆ 300 ಮಿ.ಲೀ., ಮೇಲೆ ಹೊಯ್ಯಲು ಇನ್ನೊಂದು 100 ಮಿ.ಲೀ. ಗಾಳಿಗೆ ಉದುರಿ ಪೆಟ್ಟು ತಿಂದ ಕಾಯಿ ಬೇಡ. ಕಾಯಿಯನ್ನು ತೊಳೆಯುವುದು ಹೆಚ್ಚುವ ಮೊದಲೇ. ಒರೆಸಿ, ಹೆಚ್ಚಿ, ಹೋಳುಗಳನ್ನು ಬಟ್ಟೆಯ ಮೇಲೆ ನೆರಳಲ್ಲಿ ಮೂರ್ನಾಲ್ಕು ಗಂಟೆ ಹರಡಿ. ಕತ್ತರಿಸಿದ ಮೈ ಬೆರಳಿಗೆ ಅಂಟದಂತಾಗಬೇಕು. ಎಣ್ಣೆ ಕಾಯಿಸಿ ಪೂರ್ತಿ ತಣ್ಣಗೆ ಮಾಡಿ ಹಾಕಿ. ಬೆಚ್ಚಗಿರುವಾಗಲೇ ಮುಚ್ಚಳ ಬಿಗಿದರೆ ಮುಚ್ಚಳದ ಒಳಮೈಗೆ ಹನಿ ಕಟ್ಟಿ, ಒಂದೊಂದಾಗಿ ಕೆಳಗೆ ಬೀಳುತ್ತದೆ. ಬೂಷ್ಟು ಶುರುವಾಗುವುದು ಆ ಹನಿ ಬಿದ್ದ ಜಾಗದಲ್ಲೇ. ನಮ್ಮ ಕಡೆ ಕುಸುಬಿ ಎಣ್ಣೆ ರೂಢಿ. ಅಡುಗೆಗೆ ಒಳ್ಳೆಯದೇ, ಆದರೆ ವರ್ಷಗಟ್ಟಲೆ ಇಟ್ಟರೆ ಬೇಗ ಕಮಟು ವಾಸನೆ ಹಿಡಿಯುತ್ತದೆ. ಉಪ್ಪಿನಕಾಯಿಗೆ ಶೇಂಗಾ ಎಣ್ಣೆ, ಅದಕ್ಕಿಂತಲೂ ಎಳ್ಳೆಣ್ಣೆ ಚೆನ್ನಾಗಿ ಬಾಳುತ್ತದೆ.

ಹೋಳುಗಳ ಮೇಲೆ ಒಂದು ಬೆರಳಗಲ ಎಣ್ಣೆ ಸದಾ ನಿಂತಿರಬೇಕು. ಬೂಷ್ಟಿಗೆ ಗಾಳಿ ಬೇಕು, ಎಣ್ಣೆ ಅದನ್ನು ತಡೆಯುತ್ತದೆ. ತೆಗೆದು ತೆಗೆದು ಉಪಯೋಗಿಸುವಾಗ ಎಣ್ಣೆ ಇಳಿದು ಒಂದೆರಡು ಹೋಳು ತಲೆ ಎತ್ತುತ್ತವೆ. ಕೆಡುಕು ಶುರುವಾಗುವುದು ಆ ತುದಿಯಿಂದ. ಆದ್ದರಿಂದ ದೊಡ್ಡ ಭರಣಿ ಒಂದನ್ನು ತುಂಬುವ ಬದಲು ಅರ್ಧರ್ಧ ಕಿಲೋದ ನಾಲ್ಕು ಗಾಜಿನ ಡಬ್ಬಿ ತುಂಬಿ, ಒಂದು ಮುಗಿದ ಮೇಲೆ ಇನ್ನೊಂದನ್ನು ತೆರೆಯಿರಿ. ಸೋಡಿಯಂ ಬೆಂಜೋಯೇಟ್ ಹಾಕಿದರೆ ಹೇಗೆ ಎಂದು ಬಹಳ ಜನ ಕೇಳುತ್ತಾರೆ. ಒಂದು ಕಿಲೋಗೆ ಕಾಲು ಗ್ರಾಂ ಅದರ ಮಿತಿ. ಅಡುಗೆಮನೆಯ ತಕ್ಕಡಿ ಅಷ್ಟನ್ನು ತೂಗಲಾರದು, ಚಿಟಿಕೆ ಲೆಕ್ಕದಲ್ಲಿ ಹಾಕಿದರೆ ಎರಡು ಮೂರು ಪಟ್ಟು ಬಿದ್ದೀತು. ಉಪ್ಪು ಸರಿಯಿದ್ದರೆ ಅದರ ಅಗತ್ಯವೂ ಇಲ್ಲ.

ಬಳ್ಳೊಳ್ಳಿಯ ವಿಷಯದಲ್ಲಿ ನೇರವಾಗಿ ಹೇಳುತ್ತೇನೆ: ಬರಿ ಎಣ್ಣೆಯಲ್ಲಿ ಹಾಕಿ ಹೊರಗೆ ಇಡಬೇಡಿ. ಬಳ್ಳೊಳ್ಳಿಯಲ್ಲಿ ಹುಳಿ ಇಲ್ಲ. ಮಣ್ಣಿನಿಂದ ಅಂಟಿ ಬರುವ ಬಾಟ್ಯುಲಿಸಂ ಬ್ಯಾಕ್ಟೀರಿಯಾದ ಬೀಜಕಣಗಳಿಗೆ ಗಾಳಿಯಿಲ್ಲದ, ಹುಳಿಯಿಲ್ಲದ, ತೇವದ ಜಾಗವೇ ಬೇಕು. ಎಣ್ಣೆಯ ತಳ ಅಂಥ ಜಾಗ. ಮಾವಿನಕಾಯಿಯನ್ನು ಕಾಪಾಡುವ ಎಣ್ಣೆಯೇ ಇಲ್ಲಿ ಅಪಾಯ ತರುತ್ತದೆ. ಅದು ಬಿಡುವ ವಿಷಕ್ಕೆ ವಾಸನೆಯಿಲ್ಲ, ರುಚಿಯಿಲ್ಲ. ತಿಂದವರಿಗೆ ಕಣ್ಣು ಮಂಜಾಗುವುದು, ಮಾತು ತೊದಲುವುದು, ನುಂಗಲು ಆಗದಿರುವುದು ಕಾಣಿಸಿ, ಉಸಿರಾಟವೇ ನಿಲ್ಲಬಹುದು. ಅಂಥ ಲಕ್ಷಣ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬಳ್ಳೊಳ್ಳಿ ಎಣ್ಣೆ ಬೇಕೇ ಬೇಕೆಂದರೆ ಸ್ವಲ್ಪ ಮಾಡಿ, ಫ್ರಿಜ್‌ನಲ್ಲಿಟ್ಟು ನಾಲ್ಕು ದಿನದಲ್ಲಿ ಮುಗಿಸಿ. ವರ್ಷಕ್ಕೆ ಇಡಲು ಗಡ್ಡೆಗಳನ್ನು ಸುಲಿಯದೆ, ದಂಟು ಹೆಣೆದು ಗಾಳಿಯಾಡುವಲ್ಲಿ ತೂಗುಹಾಕುವ ಹಳೆಯ ಕ್ರಮವೇ ಸಾಕು.

ಇನ್ನು ಚವಳಿಕಾಯಿ, ಅಂದರೆ ಗೋರಿಕಾಯಿ. ಎಳೆ ಕಾಯಿಯ ತುದಿ ಮುರಿದು, ಕುದಿಯುವ ನೀರಿನಲ್ಲಿ ಮೂರು ನಿಮಿಷ ಹಾಕಿ, ತೆಗೆದು ತಣ್ಣೀರಿಗೆ ಬಿಟ್ಟು, ಬಸಿದು ಹರಡಬೇಕು. ಇದನ್ನು ಬಿಟ್ಟರೆ ಕಾಯಿಯೊಳಗಿನ ಕಿಣ್ವಗಳು ಒಣಗಿದ ಮೇಲೂ ಕೆಲಸ ಮಾಡುತ್ತಲೇ ಇರುತ್ತವೆ. ಒಣ ಹುಲ್ಲಿನ ವಾಸನೆ ಬರುವುದು ಅದರಿಂದ. ಮಾಳಿಗೆಯ ನೆಲಕ್ಕಿಂತ ಹೊರಸಿನ ಮೇಲೆ ಬಟ್ಟೆ ಹಾಸಿ ಹರಡಿದರೆ ಕೆಳಗಿನಿಂದಲೂ ಗಾಳಿಯಾಡುತ್ತದೆ. ಮೇಲೆ ತೆಳುವಾದ ಸೀರೆ ಹೊದಿಸಿ, ಸಂಜೆ ಒಳಗೆ ತನ್ನಿ. ಎರಡು ಮೂರು ಬಿಸಿಲು ಸಾಕು.

ಒಣಗಿದೆಯೋ ಇಲ್ಲವೋ ಎಂದು ಬಿಸಿಲಲ್ಲೇ ಮುಟ್ಟಿ ನೋಡಬೇಡಿ. ನೆರಳಿಗೆ ತಂದು ಅರ್ಧ ತಾಸು ಆರಿಸಿ, ಒಂದನ್ನು ಮುರಿಯಿರಿ. ‘ಲಟಕ್’ ಎಂದು ಮುರಿಯಬೇಕು, ಬಾಗಬಾರದು. ತೂಕವೂ ಸುಳ್ಳು ಹೇಳುವುದಿಲ್ಲ. 1 ಕಿಲೋ ಹಸಿ ಕಾಯಿ 150ರಿಂದ 200 ಗ್ರಾಂಗೆ ಇಳಿಯಬೇಕು. 300 ಗ್ರಾಂ ತೂಗಿದರೆ ನೂರು ಗ್ರಾಂ ನೀರನ್ನೇ ಡಬ್ಬಿಗೆ ತುಂಬಿದಂತೆ. ಟೊಮ್ಯಾಟೊ ಆದರೆ ಕಿಲೋಗೆ 60–70 ಗ್ರಾಂ ಉಳಿಯುತ್ತದೆ. ಆಮೇಲೆ ಗಾಜಿನ ಡಬ್ಬಿಯಲ್ಲಿ ಮುಕ್ಕಾಲು ಮಾತ್ರ ತುಂಬಿ, ಒಂದು ವಾರ ದಿನಾ ಒಮ್ಮೆ ಅಲುಗಾಡಿಸಿ ನೋಡಿ. ದಪ್ಪ ಕಾಯಿಯ ನಡುವೆ ಉಳಿದ ತೇವ ಈ ವಾರದಲ್ಲಿ ಹೊರಬರುತ್ತದೆ. ಗಾಜಿಗೆ ಮಂಜು ಕಟ್ಟಿದರೆ, ಕಾಯಿ ಒಂದಕ್ಕೊಂದು ಅಂಟಿದರೆ ಮತ್ತೊಂದು ಬಿಸಿಲು ಕೊಡಿ. ಈ ಒಂದು ವಾರವನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ.

ಕೂಲರ್ ಇರುವ ಕೋಣೆಯನ್ನು ಮರೆಯಬೇಡಿ. ಮೇ ತಿಂಗಳಲ್ಲಿ ಹೊರಗಿನ ಗಾಳಿ ಸುಟ್ಟ ಹಾಗಿರುತ್ತದೆ, ಆದರೆ ಕೂಲರ್ ಹಚ್ಚಿದ ಕೋಣೆ ತಂಪಾಗುವುದೇ ನೀರಾವಿಯಿಂದ. ಸಂಡಿಗೆ, ಕುರಡಗಿ, ಚವಳಿಕಾಯಿಯನ್ನು ರಾತ್ರಿ ಆ ಕೋಣೆಯಲ್ಲಿಟ್ಟರೆ ಹಗಲು ಒಣಗಿದ್ದು ಬೆಳಗಾಗುವಷ್ಟರಲ್ಲಿ ಅರ್ಧ ಮರಳಿ ನೀರು ಕುಡಿದಿರುತ್ತದೆ. ಉಪ್ಪಿನಕಾಯಿ ಕಲಸುವುದೂ ಅಲ್ಲಿ ಬೇಡ. ಈಗ ವಾಸನೆ ಹೊಡೆಯುತ್ತಿರುವ ಚವಳಿಕಾಯಿಯನ್ನು ತಿಪ್ಪೆಗೆ ಹಾಕಿ. ವಾಸನೆ, ಬೂಷ್ಟು ಇಲ್ಲದೆ ಬರಿ ಮೆತ್ತಗಾದದ್ದು ಏನಾದರೂ ಇದ್ದರೆ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಗರಿಗರಿ ಮಾಡಿ ಬೇಗ ಬಳಸಿ. ಮೆಂತ್ಯ, ಪುಂಡಿಯಂಥ ಸೊಪ್ಪಿಗೆ ಬಿಸಿಲು ಬೇಡ, ನೆರಳಲ್ಲೇ ಒಣಗಲಿ. ಬಿಸಿಲು ಹಸಿರನ್ನೂ ಎ ಜೀವಸತ್ವದ ಅಂಶವನ್ನೂ ತಿಂದುಹಾಕುತ್ತದೆ.

ತೊಗರಿಯ ಹುಳ ನಿಮ್ಮ ಮನೆಯಲ್ಲಿ ಹುಟ್ಟಿದ್ದಲ್ಲ. ಹೊಲದಲ್ಲಿ ಕಾಯಿ ಬಲಿಯುವಾಗಲೇ ಅದು ಮೊಟ್ಟೆ ಇಟ್ಟಿರುತ್ತದೆ, ಕಾಳಿನೊಳಗೆ ಕುಳಿತು ಚೀಲದೊಂದಿಗೆ ಬರುತ್ತದೆ. ಚಳಿಯಲ್ಲಿ ನಿಧಾನ, ಸೆಕೆಗಾಲದಲ್ಲಿ ಮೂರ್ನಾಲ್ಕು ವಾರಕ್ಕೊಂದು ಪೀಳಿಗೆ. ಕಾಳಿನ ಮೇಲೆ ಅಂಟಿದ ಬಿಳಿ ಚುಕ್ಕಿ ಕಂಡರೆ ಅದು ಮೊಟ್ಟೆ, ದುಂಡು ತೂತು ಕಂಡರೆ ಹುಳ ಹೊರಬಿದ್ದಾಗಿದೆ. ನಾಲ್ಕು ಬೇವಿನ ಎಲೆ ಹಾಕಿದರೆ ಕಾಳಿನ ಒಳಗಿರುವುದಕ್ಕೆ ಏನೂ ಆಗುವುದಿಲ್ಲ.

ಅಂಗಡಿಯವರು ಹೇಳಿದ ಗುಳಿಗೆ ಅಲ್ಯೂಮಿನಿಯಂ ಫಾಸ್ಫೈಡ್ ಆಗಿದ್ದರೆ, ಅದನ್ನು ಮನೆಯೊಳಗೆ ತರಲೇಬೇಡಿ. ಅದು ಗಾಳಿಯ ತೇವ ತಾಗಿದ ಕೂಡಲೇ ಫಾಸ್ಫೀನ್ ಅನಿಲ ಬಿಡುತ್ತದೆ. ಗೋದಾಮಿನಲ್ಲಿ ತರಬೇತಿ ಪಡೆದವರು ಬಳಸಬೇಕಾದ ವಸ್ತು ಅದು, ಮಲಗುವ ಕೋಣೆಯ ಪಕ್ಕದ ಚೀಲಕ್ಕೆ ಹಾಕುವುದಲ್ಲ. ಆ ಅನಿಲಕ್ಕೆ ಪ್ರತಿವಿಷವಿಲ್ಲ.

ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅಂಥ ಕಾಳನ್ನು ಉಳಿಸಲು ಇಲ್ಲಿನ ಬಿಸಿಲೇ ಸಾಕು. ಏಪ್ರಿಲ್‌ನಲ್ಲಿ ಗೋಣಿ ಚೀಲದ ಮೇಲೆ ಕರಿ ಪಾಲಿಥಿನ್ ಹಾಸಿ, ಕಾಳನ್ನು ಎರಡು ಮೂರು ಸೆಂ.ಮೀ. ದಪ್ಪ ಹರಡಿ, ಮೇಲೆ ಪಾರದರ್ಶಕ ಹಾಳೆ ಹೊದಿಸಿ ಅಂಚಿಗೆ ಇಟ್ಟಿಗೆ ಇಡಿ. ಬೆಳಿಗ್ಗೆ 11ರಿಂದ 3ರ ತನಕ, ಎರಡು ಮೂರು ದಿನ. ಒಳಗೆ 55–60 ಡಿಗ್ರಿ ದಾಟಿ ಮೊಟ್ಟೆ, ಮರಿ, ಹುಳ ಎಲ್ಲ ಸಾಯುತ್ತವೆ. ಬಿತ್ತನೆಗೆ ಬೇಕಾದ ಕಾಳನ್ನು ಮಾತ್ರ ಇದಕ್ಕೆ ಒಡ್ಡಬೇಡಿ, ಮೊಳಕೆ ಹೋಗಬಹುದು. ತೇವ ಉಳಿದಿದೆಯೇ ಎಂದು ನೋಡಲು ಒಣ ಗಾಜಿನ ಡಬ್ಬಿಯಲ್ಲಿ ಒಂದು ಹಿಡಿ ಕಾಳಿಗೆ ಒಂದು ಚಮಚ ಒಣ ಉಪ್ಪು ಹಾಕಿ ಅಲುಗಾಡಿಸಿ. ಉಪ್ಪು ಗಾಜಿಗೆ ಅಂಟಿದರೆ ಕಾಳು ಹಸಿಯಿದೆ. ಪೂರ್ತಿ ಆರಿದ ಮೇಲೆ ಕಿಲೋಗೆ 5 ಮಿ.ಲೀ. ಔಡಲೆಣ್ಣೆ ಸವರಿ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ. ಈಗ ಬಿಸಿಲಿಲ್ಲ. ಆದ್ದರಿಂದ ಜರಡಿ ಹಿಡಿದು, ನೀರಿಗೆ ಹಾಕಿದಾಗ ತೇಲುವಷ್ಟು ಟೊಳ್ಳಾದ ಕಾಳು ಹೆಚ್ಚಿದ್ದರೆ ದನಕ್ಕೂ ಹಾಕದೆ ಬಿಡಿ. ಉಳಿದದ್ದನ್ನು ಗಿರಣಿಗೆ ಕೊಟ್ಟು ಬೇಳೆ ಮಾಡಿಸಿಬಿಡಿ.

ಹಿತ್ತಲಿಗೆ ಬರೋಣ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ಸೆಕೆಯಿದ್ದರೆ ಟೊಮ್ಯಾಟೊ ಹೂವಿನ ಪರಾಗ ಬರಡಾಗುತ್ತದೆ. ನಮ್ಮ ಏಪ್ರಿಲ್‌ನಲ್ಲಿ 40 ಸಾಮಾನ್ಯ. ಅದಕ್ಕೆ ನೀರು ಪರಿಹಾರವಲ್ಲ. ಎರೆಮಣ್ಣಿನಲ್ಲಿ ದಿನಾ ನೀರು ನಿಂತರೆ ಬೇರಿಗೆ ಗಾಳಿ ಸಿಗದೆ ಎಲೆ ಹಳದಿಯಾಗುತ್ತದೆ, ಅಷ್ಟೆ. ಆ ಮಣ್ಣಿಗೆ ಒಂದೆರಡು ಬುಟ್ಟಿ ಮರಳು ಬೆರೆಸಿದರೂ ಸಡಿಲವಾಗುವುದಿಲ್ಲ. 20 ಸೆಂ.ಮೀ. ಎತ್ತರದ ಮಡಿ ಕಟ್ಟಿ, ಪ್ರತಿ 10 ಚದರಡಿಗೆ 3–4 ಕಿಲೋ ಹಳೆಯ ತಿಪ್ಪೆಗೊಬ್ಬರ ಸೇರಿಸಿ. ಬೇಸಿಗೆಯಲ್ಲಿ ತೊಗರಿ ಹೊಟ್ಟು ಅಥವಾ ಶೇಂಗಾ ಸಿಪ್ಪೆಯನ್ನು ನಾಲ್ಕು ಬೆರಳು ದಪ್ಪ ಹೊದಿಸಿದರೆ ಬಿರುಕು ಕಡಿಮೆ. ಆಗ ನಾಲ್ಕೈದು ದಿನಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ನೀರು ಕೊಟ್ಟರೆ ಸಾಕು.

ಬಿತ್ತುವ ದಿನವನ್ನು ಮಳೆಯಿಂದ ಮಾತ್ರ ಲೆಕ್ಕ ಹಾಕಬೇಡಿ. ಒಣಗಿಸಬೇಕಾದ ದಿನದಿಂದ ಹಿಂದಕ್ಕೆ ಎಣಿಸಿ. ಮಿರಗಕ್ಕೆ ಹಾಕಿದ ಚವಳಿ, ಬೆಂಡಿ, ಹೀರಿ ಶ್ರಾವಣ ಭಾದ್ರಪದಕ್ಕೆ ಕಾಯಿ ಬಿಡುತ್ತವೆ. ಆಗಿನ ಗಾಳಿಯಲ್ಲಿ ಏನೂ ಒಣಗುವುದಿಲ್ಲ, ಅದೆಲ್ಲ ತಿನ್ನಲಿಕ್ಕೆ. ಒಣಗಿಸುವ ಚವಳಿಯನ್ನು ಬೇರೆಯೇ ಹಾಕಬೇಕು: ಫೆಬ್ರವರಿ ಎರಡನೇ ವಾರ ಬಿತ್ತಿದರೆ ಏಪ್ರಿಲ್ ಮೊದಲಿಗೆ ಕಾಯಿ ಬರುತ್ತದೆ. ಸೆಕೆಯನ್ನು ತಡೆಯುವ ಬೆಳೆ ಅದು, ಟೊಮ್ಯಾಟೊ ಹಾಗಲ್ಲ. ಟೊಮ್ಯಾಟೊ ಬೀಜವನ್ನು ಆಗಸ್ಟ್ ಕೊನೆಗೆ ತಟ್ಟೆಯಲ್ಲಿ ಚೆಲ್ಲಿ, 25–30 ದಿನದ ಸಸಿಯನ್ನು ಮಳೆ ಹಿಂದಾಗುವಾಗ ಮಡಿಗೆ ನೆಡಿ. ಎಳ್ಳಮಾವಾಸ್ಯೆಯ ಭಜ್ಜಿಗೆ ನಿಮ್ಮದೇ ಹಣ್ಣು ಸಿಗುತ್ತದೆ. ಅಪ್ಪನ ಜಾತ್ರೆಯ (ಮಾರ್ಚ್ ಸುಮಾರಿಗೆ ಬರುವ ಶರಣಬಸವೇಶ್ವರ ಜಾತ್ರೆ) ಹೊತ್ತಿಗೆ ಹೆಚ್ಚಾದ ಹಣ್ಣನ್ನು ಅರ್ಧ ಸೆಂ.ಮೀ. ಬಿಲ್ಲೆ ಮಾಡಿ ಒಣಗಿಸಬಹುದು. ಏಪ್ರಿಲ್ ಬಂದಾಗ ಆ ಗಿಡಗಳನ್ನು ಕಿತ್ತುಹಾಕಿ. ಮೆಂತ್ಯ, ಕೊತಂಬರಿ ನವೆಂಬರ್‌ನಿಂದ ಜನವರಿ ತನಕ ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿತ್ತಿ.

ಈ ವಾರ ಮಾಡಬೇಕಾದ್ದು ಎರಡೇ: ಭರಣಿ ಖಾಲಿ ಮಾಡಿ, ಸೋಪಿನಲ್ಲಿ ತೊಳೆದು, ಕುದಿನೀರು ಹೊಯ್ದು ಬೋರಲು ಹಾಕುವುದು, ಮತ್ತು ಮಡಿಯ ಮಣ್ಣು ಎತ್ತರಿಸುವುದು. ಮಳೆ ನಿಂತ ಮಾರನೇ ದಿನ ಮಡಿಯಲ್ಲಿ ಹೆಜ್ಜೆ ಇಡಬೇಡಿ. ಹಸಿ ಎರೆಮಣ್ಣು ಒಮ್ಮೆ ತುಳಿತಕ್ಕೆ ಸಿಕ್ಕರೆ ಇಟ್ಟಿಗೆಯಂತೆ ಗಟ್ಟಿಯಾಗಿ, ಆಗಸ್ಟ್‌ನ ಸಸಿಗೆ ಬೇರು ಬಿಡಲು ಜಾಗವಿರುವುದಿಲ್ಲ.